ಹನ್ನೊಂದ್ರಾಗ ಒಂದೂ ಕೊಯ್ಯಂಗಿಲ್ಲ

ಅಲ್ರಿ, ಹುಬ್ಬಳ್ಳ್ಯಾಗ ದುರ್ಗದ ಬೈಲಿನಿಂದ ಕೊಪ್ಪಿಕರ್ ರಸ್ತೆ ತನಕ ಅಂಗಡಿಗೆ ಅಂಗಡಿ ಹತ್ತಿ ಅದಾವು. ಧಾರವಾಡದ ಸುಭಾಷ್ ರಸ್ತ್ಯಾಗ ಸೂಜಿಯಿಂದ ಹಾರಿ ತನಕ ಎಲ್ಲಾ ಸಿಗತೈತಿ. ಆದ್ರ ಕಿಸೆದಾಗ ಇಟ್ಕೊಂಡು ಅಡ್ಡ್ಯಾಡಾಕ ಒಂದು ಸಣ್ಣ ಮಡಚೂ ಚಾಕು ಬೇಕು, ಸುತಳಿ ಕೊಯ್ದ್ರ ಸಾಕು ಅಂತ ಕೇಳಿ ನೋಡ್ರಿ. ಮುಂದ ಬರೂದು ಅದೇ ಪ್ಲಾಸ್ಟಿಕ್ ಪ್ಯಾಕು, ಒಳಗ ಕೀಲಿಕೈ ಗೊಂಚಲಕ್ಕ ಹಾಕೂ ಹೊಳಿಯೂ ಒಂದು ಸಾಮಾನು, ಮ್ಯಾಲ ದೊಡ್ಡ ಅಕ್ಷರದಾಗ "11 ಇನ್ 1". ಪಕ್ಕಡ, ಗರಗಸ, ಅರ, ಬಾಟ್ಲಿ ಓಪನರ್, ಮೂರು ಸ್ಕ್ರೂಡ್ರೈವರ್, ಮತ್ತ ಮೀನಿನ ಹುರುಪಿ ಕೆರಿಯೂದೊಂದು. ಹುಬ್ಬಳ್ಳ್ಯಾಗ ಎಷ್ಟು ಮಂದಿ ಕೀಲಿಕೈ ಗೊಂಚಲದಿಂದ ಮೀನ ಕೆರೀತಾರೋ ಆ ಸಿದ್ಧಾರೂಢಪ್ಪಗ ಗೊತ್ತು.

ಎಣಿಸಿ ಮಾರ್ತಾರ್ರಿ. ಅಲಗಿಗೆ ಹದ ಐತೋ ಇಲ್ಲೋ, ಅಂದ್ರ ಕಾಸಿ ಅದ್ದಿ ಗಟ್ಟಿ ಮಾಡ್ಯಾರೋ ಇಲ್ಲೋ ಅನ್ನೂದು ಮಾರೂವಂಗೂ ಗೊತ್ತಿಲ್ಲ, ತಗೊಳ್ಳೂವಂಗ ಕೇಳಬೇಕು ಅನ್ನೂ ಖಬರೂ ಇಲ್ಲ. ಸಂತ್ಯಾಗ ಕುಡಗೋಲ ತಗೊಳ್ಳೂ ರೈತ ಅಲಗು ಉಗುರಿಲೆ ಮೀಟಿ ಸಪ್ಪಳ ಕೇಳ್ತಾನ, ಹಿಡಿಕಿ ತಿರುವಿ ನೋಡ್ತಾನ, ಕಂಬಾರನ ಜೋಡಿ ಹತ್ತು ನಿಮಿಷ ಜಗಳಾಡ್ತಾನ. ಅದೇ ಮನಿಷ್ಯಾ ಕಿಸೆ ಚಾಕು ತಗೊಳ್ಳುವಾಗ ಎಷ್ಟು ಕಾಲು ಅದಾವು ಅಂತ ಎಣಿಸ್ತಾನ, ಜರಿ ಹುಳ ತಗೊಂಡಂಗ.

ಎಲ್ಲಾಕ್ಕಿಂತ ಜಾಸ್ತಿ ಸಿಟ್ಟು ಬರಸೂದು ಮ್ಯಾಗ್ನೆಟ್ ಮಾತು. "ಮ್ಯಾಗ್ನೆಟ್ ಹತ್ತಂಗಿಲ್ರಿ ಸರ, ಪ್ಯೂರ್ ಸ್ಟೀಲ್" ಅಂತ ಎದಿ ತಟ್ಟಿ ಹೇಳ್ತಾರ. ಇದು ಭಾಂಡೆ ಅಂಗಡಿ ಲೆಕ್ಕ. ತಾಟು, ತಂಬಿಗಿ ಮಾಡೂ 304 ನಂಬರಿನ ಸ್ಟೀಲಿನ್ಯಾಗ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರತೈತಿ, ಅದಕ್ಕ ಮ್ಯಾಗ್ನೆಟ್ ಹತ್ತಂಗಿಲ್ಲ. ಖರೆ, ಜಂಗೂ ಹಿಡಿಯಂಗಿಲ್ಲ. ಆದ್ರ ಆ ಸ್ಟೀಲ್ ಕಾಸಿ ಎಣ್ಯಾಗ ಅದ್ದಿದ್ರೂ ಗಟ್ಟಿ ಆಗಂಗಿಲ್ಲ, ಹರಿತ ನಿಂದ್ರಂಗಿಲ್ಲ. ಚಾಕುವಿನ ಸ್ಟೀಲೇ ಬ್ಯಾರೆ. ಅದರಾಗ ಕ್ರೋಮಿಯಂ 13ರ ಆಸುಪಾಸು, ಜೋಡಿಗೆ ಕಾರ್ಬನ್, ಹದ ಕೊಟ್ಟ ಮ್ಯಾಲ ಮ್ಯಾಗ್ನೆಟ್ ಟಪ್ ಅಂತ ಹತ್ತತೈತಿ. ಅಂದ್ರ ಚಾಕು ಅಂಗಡ್ಯಾಗ ಲೆಕ್ಕ ಉಲ್ಟಾ: ಅಲಗಿಗೆ ಮ್ಯಾಗ್ನೆಟ್ ಹತ್ತಲಿಲ್ಲ ಅಂದ್ರ ಅದು ಚಮಚದ ತಗಡು, ಇಲ್ಲಾ ಸತುವು. ಹತ್ತಿದ ಮಾತ್ರಕ್ಕ ಛಲೋ ಚಾಕು ಅಂತಲ್ಲ, ಮೆತ್ತನ್ನ ಕಬ್ಬಿಣಕ್ಕೂ ಹತ್ತತೈತಿ. ಆದ್ರ ಹತ್ತದ್ದನ್ನ ಹೊಗಳಿ ಮಾರೂದು ಎಂಥಾ ನ್ಯಾಯ?

ಆ ಮ್ಯಾಗ್ನೆಟ್ ಪಕ್ಕಡಕ್ಕೂ ಹಚ್ಚಿ ನೋಡ್ರಿ. ಕೀಲಿಕೈ ಗೊಂಚಲಿನ ಅಗ್ಗದ ಪಕ್ಕಡದ ದವಡಿ ಬಹಳಷ್ಟು ಸರತೆ ಸತುವಿನ ಎರಕ. ಅಚ್ಚಿನ್ಯಾಗ ಹೊಯ್ದು ಮ್ಯಾಲ ಕ್ರೋಮ್ ಬಣ್ಣ ಹೊಡದಿರ್ತಾರ. ಸ್ಟೀಲಿನ ಪಕ್ಕಡ ಭಾರ ಬಿದ್ರ ಮೊದಲ ಒಂಚೂರು ಬಾಗತೈತಿ, ಸತುವಿನ ಎರಕ ಬಾಗೂದು ಗೊತ್ತಿಲ್ಲ, ಟಕ್ ಅಂತ ಮುರೀತೈತಿ. ಮುರದ ಜಾಗಾ ನೋಡಿದ್ರ ಕಲ್ಲುಸಕ್ಕರಿ ಒಡದಂಗ ಬೂದು ಬಣ್ಣದ ಹಳಕು. ವೆಲ್ಡಿಂಗ್ ಅಂಗಡಿಗೆ ಒಯ್ದ್ರ ಅವರು ನಗ್ತಾರ, ಯಾಕಂದ್ರ ಸತುವು 420 ಡಿಗ್ರಿ ಹೊತ್ತಿಗೆ ಕರಗಿ ಹೋಗತೈತಿ, ವೆಲ್ಡಿಂಗ್ ಕಿಡಿ ಮುಂದ ಅದು ಬೆಣ್ಣಿ. ಇಂಥಾ ಪಕ್ಕಡದಿಂದ "ವೈರ್ ಸುಲೀಬಹುದ್ರಿ" ಅಂತ ಅಂಗಡ್ಯಾಗ ಮಾಡಿ ತೋರಸ್ತಾರಲ್ಲ, ಅದು ತಪ್ಪಷ್ಟ ಅಲ್ಲ, ಜೀವಕ್ಕ ಎರವು. ಹಿಡಿಕಿಗೆ ಕರೆಂಟ್ ತಡಿಯೂ ಹೊದಿಕಿ ಇಲ್ಲದ ಯಾವ ಸಾಮಾನೂ 230 ವೋಲ್ಟ್ ವೈರಿನ ಹತ್ರ ಹೋಗಬಾರದು. ಅದು ನೂರು ರೂಪಾಯಿದಾದ್ರೂ ಅಷ್ಟ, ಅಮೆರಿಕಾದ ಲೆದರ್‌ಮನ್ ಕಂಪನಿದಾದ್ರೂ ಅಷ್ಟ.

ತಗೊಳ್ಳೂ ಮುಂಚೆ ಬಿಚ್ಚಿ ನೋಡ್ತೀನಿ ಅಂದ್ರ "ಪ್ಯಾಕ್ ಒಡೀಬ್ಯಾಡ್ರಿ, ಒಡದ್ರ ತಗೋಬೇಕು". ಚಪ್ಪಲಿ ಹಾಕ್ಕೊಂಡು ನೋಡಾಕ ಕೊಡ್ತೀರಿ, ಸೀರಿ ಬಿಚ್ಚಿ ಹಾಸ್ತೀರಿ, ಚಾಕು ತೆರದು ನೋಡಾಕ ಏನು ಧಾಡಿ? ಪ್ಯಾಕ್ ಬಿಚ್ಚದ ಅಂಗಡ್ಯಾಗ ತಗೋಬ್ಯಾಡ್ರಿ, ಮುಗೀತು. ಬಿಚ್ಚಿ ಕೊಟ್ರ ಇಷ್ಟು ನೋಡ್ರಿ. ಮಡಚಿದ ಚಾಕು ಬೆಳಕಿಗೆ ಅಡ್ಡ ಹಿಡೀರಿ, ಪದರ-ಪದರದ ನಡಕ ಬೆಳಕು ಹಾಯ್ದ್ರ ರಿವೆಟ್ ಸರಿ ಬಡದಿಲ್ಲ ಅಂತ ಅರ್ಥ, ಆರು ತಿಂಗಳದಾಗ ಎಲ್ಲಾ ಗಡಗಡ ಅಂತಾವು. ಅಲಗು ಪೂರ್ತಿ ತೆರದು ತುದಿ ಹಿಡದು ಎಡಕ್ಕ ಬಲಕ್ಕ ಅಲ್ಲಾಡಸ್ರಿ. ಒಂಚೂರು ಕಟಕ್ ಅಂದ್ರೂ ಬ್ಯಾಡ. ಮಡಚುವಾಗ ಅರ್ಧಕ್ಕ ಬಂದ ಮ್ಯಾಲ ಸ್ಪ್ರಿಂಗ್ ತಾನ ಎಳ್ಕೊಂಡು ಚಟ್ ಅಂತ ಮುಚ್ಚಬೇಕು. ಉಗುರು ಹಾಕೂ ಕಚ್ಚಿನ್ಯಾಗ ಉಗುರು ಕಿತ್ತು ಬರೂವಷ್ಟು ಬಿಗಿ ಇದ್ರೂ ಬ್ಯಾಡ, ಕಿಸೆದಾಗ ತಾನ ತೆರಕೊಳ್ಳೂವಷ್ಟು ಸಡಲ ಇದ್ರಂತೂ ಮುಟ್ಟಬ್ಯಾಡ್ರಿ.

ಕತ್ತರಿ ಇದ್ರ ಅಂಗಡಿಯವರ ಕಡೆನೇ ತೆಳ್ಳನ ಪ್ಲಾಸ್ಟಿಕ್ ಚೀಲದ ತುಂಡು ಕೇಳ್ರಿ. ಬುಡದಿಂದ ತುದಿ ತನಕ ಒಂದೇ ಸವನ ಕತ್ತರಿಸಬೇಕು. ಅಗ್ಗದ ಕತ್ತರಿ ಕೊಯ್ಯೂ ಬದಲಿ ಪ್ಲಾಸ್ಟಿಕ್ಕನ್ನ ಎರಡು ಅಲಗಿನ ನಡಕ ಮಡಚಿ ನುಂಗತೈತಿ, ಯಾಕಂದ್ರ ನಡುವಿನ ರಿವೆಟ್ ಸಡಲ. ಇಂಥಾ ಕತ್ತರಿ ಸಾಣಿ ಹಿಡದ್ರ ಸುಧಾರಸಂಗಿಲ್ಲ, ಅಲ್ಲೇ ಬಿಟ್ಟು ಬರ್ರಿ. ಕತ್ತರಿ ತೆರಿಯೂ ಸಣ್ಣ ಸ್ಪ್ರಿಂಗ್ ನೋಡ್ರಿ, ಮೊದಲ ಮುರಿಯೂದು ಅದೇ. ಛಲೋ ಕಂಪನಿಯದಾದ್ರ ಸ್ಪ್ರಿಂಗ್ ಬಿಡಿ ಸಿಗತೈತಿ, ಅಗ್ಗದ್ದಕ್ಕ ಸ್ಪ್ರಿಂಗ್ ಹೋತಂದ್ರ ಕತ್ತರಿನೂ ಹೋತು.

ಇನ್ನ ಕೆಂಪು ಹಿಡಿಕಿ, ಮ್ಯಾಲ ಬಿಳೇ ಕ್ರಾಸು. ಇದನ್ನ ನೋಡಿದ ಕೂಡ್ಲೇ "ಸ್ವಿಸ್ ಐತ್ರಿ" ಅಂತಾರ. ಸ್ವಿಟ್ಜರ್ಲೆಂಡಿನ ಈಬಾಖ್ ಊರಾಗ ಕಾರ್ಲ್ ಎಲ್ಸೆನರ್ 1884ರಾಗ ಕಾರಖಾನಿ ಹಾಕಿದ್ದು, 1891ರಾಗ ಅಲ್ಲಿಯ ಸೈನ್ಯಕ್ಕ ಚಾಕು ಕೊಟ್ಟದ್ದು, 1897ರಾಗ ಅಧಿಕಾರಿಗಳ ಚಾಕು ನೋಂದಾಯಿಸಿದ್ದು ಇತಿಹಾಸ. ನಮ್ಮಲ್ಲಿ ಬುಟ್ಟ್ಯಾಗ ಗುಡ್ಡಿ ಹಾಕಿ ಮಾರೂ ಮಾಲಿಗೂ ಆ ಇತಿಹಾಸಕ್ಕೂ ಬಣ್ಣ ಒಂದ ಸಂಬಂಧ. ಆ ಎಲ್ಸೆನರ್ ಕಾರಖಾನಿಯ ಖರೆ ಮಾಲು, ಅಂದ್ರ ವಿಕ್ಟೋರಿನಾಕ್ಸ್ ಇದ್ರ ದೊಡ್ಡ ಅಲಗಿನ ಬುಡದಾಗ ಕಂಪನಿ ಹೆಸರು, "ಸ್ವಿಸ್ ಮೇಡ್" ಅಂತ ಸ್ವಚ್ಛ ಅಚ್ಚು ಇರತೈತಿ, ಕ್ರಾಸಿನ ಸುತ್ತ ಗುರಾಣಿ ಆಕಾರ ಇರತೈತಿ. ನಕಲಿಯೊಳಗ ಬರೇ "ಸ್ಟೇನ್‌ಲೆಸ್" ಇಲ್ಲಾ "ಸ್ಟೇನ್‌ಲೆಸ್ ಚೈನಾ", ಕ್ರಾಸು ಉಗುರಿಲೆ ಕೆರದ್ರ ಬಣ್ಣ ಎದ್ದು ಬರತೈತಿ. ಚೈನಾದ್ದೆಲ್ಲಾ ಕೆಟ್ಟದ್ದಂತ ಅಲ್ಲ ಮತ್ತ. 8ಸಿಆರ್13 ಅಂತ ಸ್ಟೀಲಿನ ಹೆಸರು ಬರದು ಮಾರೂ ಚೈನಾ ಚಾಕು ಅದಾವು, ಕಾರ್ಬನ್ ಶೇ. 0.8ರ ಹತ್ರ, ಸರಿಯಾಗಿ ಹದ ಕೊಟ್ಟಿದ್ರ ಭಾಳ ದಿನ ಹರಿತ ನಿಂದ್ರತಾವು. 3ಸಿಆರ್13 ಅಂತ ಇದ್ರ ಕಾರ್ಬನ್ ಶೇ. 0.3ರಷ್ಟ, ಜಲ್ದಿ ಮೊಂಡ ಆಗತೈತಿ, ಆದ್ರ ಜಲ್ದಿ ಸಾಣಿನೂ ಹತ್ತತೈತಿ. ಎರಡೂ ಓಡತಾವು. ಓಡದ್ದು ಯಾವುದಂದ್ರ ಸ್ಟೀಲಿನ ಹೆಸರೇ ಇಲ್ಲದ ಮಾಲು.

ಡಮಾಸ್ಕಸ್ ಅಂತ ನೀರಿನ ಅಲಿ ಚಿತ್ತಾರ ಇರೂ ಚಾಕು ಬಂದಾವು ಈಗ, ಅದರ ಬಗ್ಗೆ ಒಂದ ಮಾತು. 400 ನಂಬರಿನ ಉಸಿಕಿನ ಕಾಗದಲೆ ಒಂದು ಮೂಲಿ ತಿಕ್ಕ್ರಿ. ಚಿತ್ತಾರ ಅಳಿಸಿ, ಸ್ಟೀಲ್ ಕೊರಿಯೂ ಫೆರಿಕ್ ಕ್ಲೋರೈಡ್ ದ್ರಾವಣ ಹಚ್ಚಿದ್ರ, ಬ್ಯಾರೆ ಬ್ಯಾರೆ ಸ್ಟೀಲಿನ ಪದರ ಬೆಸದು ಮಾಡಿದ ಖರೆ ಡಮಾಸ್ಕಸಿನ್ಯಾಗ ಅದು ಮತ್ತ ಏಳತೈತಿ, ಲೇಸರಿಲೆ ಬರದದ್ದು ಏಳಂಗಿಲ್ಲ. ಅಂಗಡ್ಯಾಗ ತಿಕ್ಕಾಕ ಕೊಡಂಗಿಲ್ಲ ಅಂದ್ರ ಉತ್ತರ ಸಿಕ್ಕಂಗ.

ಬೆರಳು ಕಳ್ಕೊಳ್ಳೂ ವಿಷಯಕ್ಕ ಬರೋಣು. ಸ್ವಿಸ್ ನಮೂನಿಯ ಸಣ್ಣ ಚಾಕುವಿಗೆ ಲಾಕ್ ಇರಂಗಿಲ್ಲ, ಬರೇ ಸ್ಪ್ರಿಂಗ್ ಹಿಡದಿರತೈತಿ. ಅದರಿಂದ ಕೊಯ್ಯಬೇಕು, ಚುಚ್ಚಬಾರದು. ಚುಚ್ಚಿದ್ರ ಅಲಗು ಬೆರಳಿನ ಮ್ಯಾಲ ಮಡಚಿ ಕುಂದ್ರತೈತಿ. ಲಾಕ್ ಇರೂ ಅಗ್ಗದ ಚಾಕು ಇನ್ನೂ ಅಪಾಯ, ಯಾಕಂದ್ರ ಲಾಕ್ ಐತಿ ಅಂತ ನಂಬಿ ಮಂದಿ ಜೋರು ಮಾಡ್ತಾರ. ಒಳಗಿನ ತಗಡು ಅಲಗಿನ ಬುಡಕ್ಕ ಬಂದು ಆನಿಕಿ ಕೊಡೂ ಲಾಕ್ ಇದ್ರ, ಆ ತಗಡು ಬುಡದ ಅಗಲದ ಮೂರರಾಗ ಒಂದು ಪಾಲಾರ ಹಿಡದೈತೋ ನೋಡ್ರಿ. ಅಂಚಿಗಷ್ಟ ಮುಟ್ಟಿದ್ರ ಜಾರತೈತಿ. ಬೆರಳೆಲ್ಲಾ ಅಲಗಿನ ದಾರಿಯಿಂದ ಆಚೆ ಇಟ್ಟು, ಚಾಕುವಿನ ಬೆನ್ನನ್ನ ಕಟ್ಟಿಗಿ ಮೇಜಿಗೆ ಹಗರಕ ಒತ್ತಿದ್ರ ಲಾಕ್ ಬಿಟ್ತೋ ಇಲ್ಲೋ ತಿಳೀತೈತಿ. ಗುಂಡಿ ಒತ್ತಿದ್ರ ಚಿಮ್ಮೂ ಚಾಕು ಪೋರಗೋಳಿಗೆ ಮಾರ್ತಾರಲ್ಲ, ಅದರ ಲಾಕ್ ಎಲ್ಲಾದಕ್ಕಿಂತ ಪೊಳ್ಳು, ಮತ್ತ ಪೋಲೀಸರಿಗೆ ಅದು ಹಣ್ಣು ಹೆಚ್ಚೂ ಸಾಮಾನು ಅಂತ ಹೇಳಿ ನೋಡ್ರಿ.

ಹಂಗಾದ್ರ ಏನ ತಗೋಬೇಕು ಅಂದ್ರ, ದಿನಾ ಏನ ಕೊಯ್ತೀರಿ ಮೊದಲ ಅದನ್ನ ಹೇಳ್ರಿ. ಪಾರ್ಸಲ್ ಟೇಪು, ದಾರ, ಉಗುರು, ಔಷಧದ ಪಟ್ಟಿ, ಕಣ್ಣಿಗೆ ಬೀಳದ ಮುಳ್ಳು, ಇಷ್ಟ ಇದ್ರ ಮಡಚಿದಾಗ 58 ಮಿಲಿಮೀಟರ್ ಉದ್ದ ಇರೂ ಸಣ್ಣದು ಸಾಕು: ಒಂದು ಅಲಗು, ಕತ್ತರಿ, ಅರ, ಚಿಮಟಿಗಿ. 20 ಗ್ರಾಮಿನ ಆಸುಪಾಸು ತೂಕ, ಕೀಲಿಕೈ ಜೋಡಿ ಇದ್ದದ್ದೂ ಗೊತ್ತಾಗಂಗಿಲ್ಲ. ಬೆಟಗೇರಿ ಮಗ್ಗದ ಮುಂದ ಕುಂದ್ರೂವರಿಗೆ ಅಲಗಿಗಿಂತ ಕತ್ತರಿ ಮುಖ್ಯ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ದಿನಕ್ಕ ನೂರು ಚೀಲ ಬಿಚ್ಚೂವರಿಗೆ ಇದು ಸಾಲಂಗಿಲ್ಲ, ಮೂರಿಂಚಿನ ಒಂದೇ ಅಲಗು, ಕೈ ತುಂಬ ಹಿಡಿಕಿ ಇರೂದು ಬೇಕು. ಅಂದಂಗ ಚೀಲದ ಮಿಷನ್ ಹೊಲಿಗಿ ಉದ್ದಕ್ಕ ಕೊಯ್ಯೂದು ದಡ್ಡತನ, ಒಂದು ತುದಿಯ ಕುಣಿಕಿ ಕೊಯ್ದು ಎಳದ್ರ ಇಡೀ ದಾರ ಸರ್ರಂತ ಬರತೈತಿ, ಬರಲಿಲ್ಲ ಅಂದ್ರ ಇನ್ನೊಂದು ತುದಿ. ತ್ವಾಟಕ್ಕ ಹೋಗೂವರು ಫ್ರಾನ್ಸಿನ ಒಪಿನೆಲ್ ಕಂಪನಿಯ 6 ನಂಬರ್ ಚಾಕು ನೋಡಬಹುದು, ಅಲಗು 7 ಸೆಂಟಿಮೀಟರಿನಷ್ಟು, ಕಟ್ಟಿಗಿ ಹಿಡಿಕಿ, ತಿರುವಿದ್ರ ಲಾಕ್ ಆಗೂ ಉಂಗುರ. ಮಾವಿನಹಣ್ಣು ಹೆಚ್ಚಿದ್ರ ಅದರ ಕಾರ್ಬನ್ ಅಲಗು ಕಪ್ಪಾಗತೈತಿ, ಅದು ಜಂಗಲ್ಲ, ಗಾಬರಿ ಬ್ಯಾಡ. ಮಳ್ಯಾಗ ನೆನದ್ರ ಮಾತ್ರ ಹಿಡಿಕಿ ಉಬ್ಬಿ ಅಲಗು ಹೊರಗ ಬರಂಗಿಲ್ಲ, ಅದಕ್ಕ ಬೈರಿ.

ಅಷ್ಟೆಲ್ಲಾ ನೋಡಿ ಛಲೋದು ತಂದ್ರೂ, ಮೊಂಡ ಆತಂದ್ರ ಓಣ್ಯಾಗ ಬರೂ ಸಾಣಿಯವನ ಕೈಗೆ ಕೊಡ್ತೀರಲ್ಲ! ಆ ಚಕ್ರ ಈಳಗಿಗೆ, ಕುಡಗೋಲಿಗೆ ಸರಿ. ಇಷ್ಟ ಇಷ್ಟು ಸಣ್ಣ ಅಲಗು ಒಣ ಚಕ್ರಕ್ಕ ಒತ್ತಿದ್ರ ಎರಡು ಸೆಕೆಂಡಿಗೆ ಅಂಚು ಕಾಯ್ದು ನೀಲಿ ಹೊಡೀತೈತಿ. ನೀಲಿ ಬಂತಂದ್ರ ಹದ ಹೋತು, ಆಮ್ಯಾಲ ಎಷ್ಟು ತಿಕ್ಕಿದ್ರೂ ಎರಡು ದಿನಕ್ಕ ಮೊಂಡ. ಕಿಡಿ ಹಾರಿದ್ರ ಮಂದಿಗೆ ಖುಷಿ, ಆ ಕಿಡಿ ನಿಮ್ಮ ಚಾಕುನ ಐತಿ, ಹಾರಿ ಹೋಗಾಕತ್ತೈತಿ! ಮನ್ಯಾಗ 1000 ನಂಬರಿನ ಸಾಣಿ ಕಲ್ಲು ಇಟ್ಕೋರಿ, ನೀರು ಹಾಕ್ರಿ. ಒಂದು ಸೆಂಟಿಮೀಟರ್ ಅಗಲದ ಅಲಗಿದ್ರ ಬೆನ್ನು ಕಲ್ಲಿನಿಂದ ಮೂರು ಮಿಲಿಮೀಟರ್ ಎತ್ತಿ ಹಿಡೀರಿ, ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮ್ಯಾಲೊಂದು ಇಟ್ಟಷ್ಟು ಎತ್ತರ. ಒಂದು ಮಗ್ಗಲ ತಿಕ್ಕಿದ್ರ ಇನ್ನೊಂದು ಮಗ್ಗಲಕ್ಕ ಸಣ್ಣ ಮುರುಕು ಏಳತೈತಿ, ಬೆರಳಿಗೆ ತಾಕತೈತಿ. ಅದು ತುದಿ ತನಕ ಎದ್ದ ಮ್ಯಾಲ ಮಗ್ಗಲ ಬದಲಿ ಮಾಡ್ರಿ. ಕಡೀಕ ಚಹಾ ಕಪ್ಪು ಬೋರಲು ಹಾಕಿ, ಅದರ ತಳದ ಹೊಳಪಿಲ್ಲದ ಅಂಚಿಗೆ ನಾಕು ನಾಕು ಸಲ ಹಗರಕ ಎಳದ್ರ ಪೇಪರ್ ಕೊಯ್ಯತೈತಿ.

ಎಣ್ಣಿ ವಿಷಯಕ್ಕೂ ಇದೇ ಗೋಳು. ಚಾಕು ಮಡಚೂ ಕೀಲಿಗೆ ಕುಸುಬಿ ಎಣ್ಣಿ ಬಿಡೂವರನ್ನ ಏನ ಅನ್ನಬೇಕು? ಕುಸುಬಿ ಎಣ್ಣಿ ಗಾಳಿಗೆ ಒಣಗಿ ಅಂಟಾಗತೈತಿ, ಬಣ್ಣಕ್ಕ ಹಾಕೂ ಎಣ್ಣಿ ಅದು. ಕೊಬ್ಬರಿ ಎಣ್ಣಿ 24 ಡಿಗ್ರಿಗಿಂತ ಕೆಳಗ ಗಟ್ಟಿ ಆಗತೈತಿ, ಧಾರವಾಡದ ಥಂಡ್ಯಾಗ ಮುಂಜಾನೆ ಚಾಕು ತೆರೀಲಿಲ್ಲ ಅಂತ ಮತ್ತ ಕಂಪನಿಗೆ ಬೈತಾರ. ಹೊಲಿಗಿ ಮಷೀನಿನ ಎಣ್ಣಿ ಒಂದು ಹನಿ ಸಾಕು. ಅದಕ್ಕೂ ಮೊದಲ ಉಗುರುಬೆಚ್ಚನ್ನ ಸಾಬೂನ ನೀರಿನ್ಯಾಗ ಹತ್ತು ಸಲ ತೆರದು ಮುಚ್ಚಿ, ಕಿಸೆದ ಹತ್ತಿ ನೂಲು, ಎರಿ ಮಣ್ಣಿನ ಧೂಳು ಎಲ್ಲಾ ಹೊರಗ ಹಾಕ್ರಿ. ಮೆಣಸಿನಕಾಯಿ ಚೀಲ ಕೊಯ್ದ ಅಲಗು ತೊಳೀದ ಪ್ಯಾರಲ ಹೆಚ್ಚಿದ್ರ ತಿಂದವರು ತಾವ ಬೈತಾರ.

ಕಾಯ್ದೆ ಬಗ್ಗೆ ಅಂಗಡಿಯವರು ಎರಡು ನಮೂನಿ ಸುಳ್ಳು ಹೇಳ್ತಾರ, ಒಬ್ಬರು "ಏನೂ ಕೇಳಂಗಿಲ್ರಿ", ಇನ್ನೊಬ್ಬರು "ಲೈಸನ್ಸ್ ಬೇಕ್ರಿ". ಶಸ್ತ್ರಾಸ್ತ್ರ ಕಾಯ್ದೆ 1959ರದು, ಅದರ ಕೆಳಗಿನ ನಿಯಮದಾಗ ಬರೂದು ಅಲಗು 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಇದ್ದದ್ದು, ಮನಿಗೆಲಸ, ಒಕ್ಕಲುತನದ ಸಾಮಾನು ಬಿಟ್ಟು. ಗೊಂಚಲದ ಸಣ್ಣ ಚಾಕುವಿನ ಒಂದೂವರೆ ಇಂಚಿನ ಅಲಗು ಅದರ ಹತ್ರಕ್ಕೂ ಹೋಗಂಗಿಲ್ಲ. ಹಂಗಂತ ಕೋರ್ಟಿಗೆ, ಪರೀಕ್ಷಾ ಹಾಲಿಗೆ ಒಯ್ಯಬ್ಯಾಡ್ರಿ. ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕ ಹೋಗೂ ಮುಂಚೆ ಗೊಂಚಲದಿಂದ ಬಿಚ್ಚಿ ಒಳಗ ಹಾಕೂ ದೊಡ್ಡ ಬ್ಯಾಗಿನ್ಯಾಗ ಇಡ್ರಿ, ಕೈಬ್ಯಾಗಿನ್ಯಾಗ ಸಿಕ್ರ ಅವರ ಡಬ್ಬಿಗೆ ಬೀಳತೈತಿ.

ಬಿಚ್ಚೂದು ಅಂದ್ನೆಲ್ಲ, ಆ ಉಂಗುರ! ಇಷ್ಟೆಲ್ಲಾ ಮಾಡಿ ಕಡೀಕ ಕೀಲಿಕೈ ಕಳಿಯೂದು ಅದರಿಂದ. ಪ್ಯಾಕಿನ ಜೋಡಿ ಬರೂ ತಂತಿ ಉಂಗುರ ಉಗುರಿಲೆ ಅಗಲಿಸಿದ್ರ ಬಿಟ್ಟಂಗ ಉಳೀತೈತಿ, ವಾಪಸ್ ಕೂಡಂಗಿಲ್ಲ. ಮೊದಲ ದಿನಾನ ತಗದು ಒಗೀರಿ. ಹಾರ್ಡ್‌ವೇರ್ ಅಂಗಡ್ಯಾಗ ದಪ್ಪ ಸ್ಟೀಲಿನ ಎರಡು ಸುತ್ತಿನ ಉಂಗುರ ಬಿಡಿ ಸಿಗತಾವು, ಉಗುರಿಗೆ ಬಿಚ್ಚಾಕ ಬರದಷ್ಟು ಗಡಸು ಇರೂದು ಆರಿಸಿ ಅದನ್ನ ಹಾಕ್ರಿ.