ನಕಲು ಪಕ್ಕಾ ಇದೆ ಅಂದ್ರೆ ಮಾತು ನಿಜ ಅಂತಲ್ಲ

ಇವತ್ತು ಮುಂಜಾನೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಹೋಟೆಲ್‌ನಲ್ಲಿ ಸುಸಲಾ-ಮಿರ್ಚಿ ಮುಂದಿಟ್ಟುಕೊಂಡು ಮೂರು ಜನ ವಾದಕ್ಕೆ ಬಿದ್ದಿದ್ರು. ಹುಡುಗ ಮೊಬೈಲ್ ತೋರಿಸಿ, "ಕಾಕಾ, ಬೈಬಲ್‌ದು 24 ಸಾವಿರ ಹಸ್ತಪ್ರತಿ ಅವ. ನಿಮ್ಮ ಗ್ರಂಥದ್ದು ಎಷ್ಟವ ಹೇಳ್ರಿ" ಅಂದ. ಕಾಕಾ, "ನಮ್ಮ ವೇದದಾಗ 5 ಸಾವಿರ ವರ್ಷದಿಂದ ಒಂದು ಅಕ್ಷರ ಹೆಚ್ಚುಕಮ್ಮಿ ಆಗಿಲ್ಲೋ ತಮ್ಮಾ" ಅಂದ್ರು. ಮೂರನೆಯವರು, "ಕುರಾನ್‌ದಾಗ ಒಂದು ಚುಕ್ಕಿ ಸೈತ ಬದಲಾಗಿಲ್ಲ ನೋಡ್ರಿ" ಅಂತ ಸೇರಿಸಿದ್ರು. ಚಹಾ ಆರಿ ಹೋಯ್ತು, ವಾದ ಆರಲಿಲ್ಲ.

ನನಗೆ ಮೈ ಉರಿದದ್ದು ಯಾಕಂದ್ರೆ ಮೂವರ ತಪ್ಪೂ ಒಂದೇ. ಪ್ರತಿ ಕೆಡದೆ ಉಳಿದಿದೆ ಅನ್ನೋದು ಬೇರೆ, ಪ್ರತಿಯಲ್ಲಿ ಬರೆದದ್ದು ನಡೆದಿದೆ ಅನ್ನೋದು ಬೇರೆ, ಅದು ದೇವರ ಮಾತು ಅನ್ನೋದು ಇನ್ನೂ ಬೇರೆ. ಮೊದಲನೆಯದಕ್ಕೆ ಪುರಾವೆ ತಂದು ಮೂರನೆಯದನ್ನು ಗೆದ್ದೆ ಅಂತ ಎದ್ದು ಹೋಗ್ತಾರೆ. ಸಬ್ ರಜಿಸ್ಟ್ರಾರ್ ಕಚೇರಿಯಿಂದ ಸಿಕ್ಕಾ ಹೊಡೆಸಿದ ನಕಲು ತಂದ್ರೆ ಮೂಲ ದಸ್ತಾವೇಜಿನಲ್ಲಿ ಇದ್ದದ್ದೇ ಇಲ್ಲಿದೆ ಅಂತಷ್ಟೇ ಅರ್ಥ. ಮಾರಿದವನಿಗೆ ಆ ಹೊಲ ಮಾರುವ ಹಕ್ಕಿತ್ತೋ ಇಲ್ಲವೋ ಅನ್ನೋದನ್ನು ಸಿಕ್ಕಾ ಹೇಳೋದಿಲ್ಲ. ಹೊಲದ ವಿಷಯದಲ್ಲಿ ಇದು ನಮ್ಮ ಭಾಗದ ಪ್ರತಿ ರೈತನಿಗೆ ಗೊತ್ತು. ಧರ್ಮಗ್ರಂಥ ಅಂದ ಕೂಡಲೇ ಮರೆತು ಹೋಗುತ್ತೆ.

ಇಲ್ಲೇ ಮರ್ತೂರಿನವನು ಅಂತ ಹೇಳುವ ವಿಜ್ಞಾನೇಶ್ವರ, ಹಳೆಯ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಅನ್ನುವ ವ್ಯಾಖ್ಯಾನ ಬರೆದ. ಆ ಸ್ಮೃತಿ ವ್ಯಾಜ್ಯಕ್ಕೆ ಮೂರು ಪ್ರಮಾಣ ಹೇಳುತ್ತೆ: ಲಿಖಿತ, ಭುಕ್ತಿ (ಅಂದ್ರೆ ಅನುಭೋಗ), ಸಾಕ್ಷಿ. ಸಾಕ್ಷಿಗಳು ಕನಿಷ್ಠ ಮೂವರಿರಬೇಕು ಅನ್ನುತ್ತೆ. 900 ವರ್ಷದ ಹಿಂದೆ ನಮ್ಮ ಭಾಗದಲ್ಲೇ ಬೇರೆ ಬೇರೆ ಮಾಡಿ ವಿಚಾರಿಸಿದ್ದನ್ನು ಇವತ್ತು ನಾವು ಒಂದೇ ಚೀಲಕ್ಕೆ ತುಂಬ್ತಿದ್ದೀವಿ.

ಮೊದಲು ಆ 24 ಸಾವಿರದ ಲೆಕ್ಕ. ಅದು ಪೂರ್ತಿ ಬೈಬಲಿನದಲ್ಲ, ಯೇಸು ಮತ್ತು ಶಿಷ್ಯರ ಭಾಗವಾದ ಹೊಸ ಒಡಂಬಡಿಕೆಯದು. ಅದರ ಮೂಲ ಭಾಷೆ ಗ್ರೀಕ್. ಗ್ರೀಕ್ ಹಸ್ತಪ್ರತಿಗಳು ಸುಮಾರು 5,800. ಉಳಿದವು ಲ್ಯಾಟಿನ್, ಸಿರಿಯಾಕ್, ಕಾಪ್ಟಿಕ್, ಆರ್ಮೇನಿಯನ್ ಮುಂತಾದ ಅನುವಾದಗಳ ಪ್ರತಿಗಳು. ಆ 5,800ರಲ್ಲೂ ಬಹುಪಾಲು 9ನೇ ಶತಮಾನದಿಂದ ಈಚಿನವು, ಎಷ್ಟೋ ಬರೀ ತುಣುಕು. ಎಲ್ಲಕ್ಕಿಂತ ಹಳೆಯದು ಅಂತ ತೋರಿಸುವ ಪಿ52 ಅನ್ನುವ ಪಪೈರಸ್ ತುಣುಕು ಮ್ಯಾಂಚೆಸ್ಟರ್‌ನ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿದೆ. ಅಂಗೈಗಿಂತ ಚಿಕ್ಕದು, ಸುಮಾರು 9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ. ಯೇಸುವಿನ ಕಥೆ ಹೇಳುವ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಕೆಲವು ಸಾಲು, ಅವೂ ಅರ್ಧರ್ಧ. ಅಕ್ಷರದ ರೂಪ ನೋಡಿ 2ನೇ ಶತಮಾನ ಅಂತಾರೆ, ಸ್ವಲ್ಪ ಈಚಿನದು ಅನ್ನುವ ವಿದ್ವಾಂಸರೂ ಇದ್ದಾರೆ.

ಗ್ರಂಥಸಂಪಾದನೆ ಕಲಿತವರಿಗೆ ಗೊತ್ತಿರುವ ಮೊದಲ ಪಾಠ, ಪ್ರತಿಗಳನ್ನು ಎಣಿಸಬಾರದು, ಅವುಗಳ ವಂಶ ಹುಡುಕಬೇಕು ಅಂತ. ಒಂದೇ ತಾಯಿಪ್ರತಿ ನೋಡಿ ನೂರು ಜನ ಬರೆದುಕೊಂಡ್ರೆ ಸಾಕ್ಷಿ ನೂರಾಗೋದಿಲ್ಲ, ಒಂದೇ. ತಾಯಿಯ ತಪ್ಪು ನೂರೂ ಮಕ್ಕಳಲ್ಲಿ ಬರುತ್ತೆ.

ಇನ್ನು ಪ್ರತಿಯ ವಯಸ್ಸು. "ನಿಮ್ಮ ಹಳೆಯ ಪ್ರತಿ ಎಷ್ಟು ವರ್ಷದ್ದು" ಅಂತ ಕೇಳುವವರು ಗ್ರಂಥ ಅಳೀತಿಲ್ಲ, ಹವಾಮಾನ ಅಳೀತಿದ್ದಾರೆ. ಪಿ52 ಉಳಿದದ್ದು ಈಜಿಪ್ಟಿನ ಒಣ ನೆಲದಿಂದ, ಕುಮ್ರಾನಿನ ಹಳೆಯ ಯೆಹೂದಿ ಸುರುಳಿಗಳು ಉಳಿದದ್ದು ಮೃತ ಸಮುದ್ರದ ದಂಡೆಯ ಒಣ ಗವಿಗಳಿಂದ. ನಮ್ಮದು ಓಲೆಗರಿ. ಕಂಟದಿಂದ ಕೊರೆದು ಮಸಿ ಸವರಿದ ಗರಿ ಮಳೆಗಾಲದ ತೇವಕ್ಕೆ ಮೆತ್ತಗಾಗುತ್ತೆ, ಹುಳ ತೂತು ಕೊರೆಯುತ್ತೆ, ದಾರ ಪೋಣಿಸಿದ ಕಡೆ ಸವೆದು ಹರಿಯುತ್ತೆ. ಕೆಲವು ನೂರು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಲೇಬೇಕು. ಬರೆದ ಮೇಲೆ ಹಳೆಯದನ್ನು ಹೊಳೆಗೆ ಬಿಡುವ ರೂಢಿಯೂ ಇತ್ತು. ಹಳೆಯ ಪ್ರತಿ ಕೈಗೆ ಸಿಕ್ಕಿಲ್ಲ ಅಂದ್ರೆ ಗ್ರಂಥ ಹೊಸದು ಅಂತ ಅರ್ಥ ಅಲ್ಲ.

ಆದ್ರೆ ಹುಡುಗನ ಮಾತಿನಲ್ಲಿ ನ್ಯಾಯವೂ ಇದೆ, ಮುಚ್ಚಿಡೋದಿಲ್ಲ. 1947ರಿಂದ ಕುಮ್ರಾನ್‌ನಲ್ಲಿ ಸಿಕ್ಕ ಸುರುಳಿಗಳಲ್ಲಿ ಪ್ರವಾದಿ ಯೆಶಾಯನ ಪುಸ್ತಕದ ಸುರುಳಿ ಸುಮಾರು 7.3 ಮೀಟರ್ ಉದ್ದ, ಕ್ರಿಸ್ತಪೂರ್ವ 2ನೇ ಶತಮಾನದ್ದು. ಹೀಬ್ರೂ ಬೈಬಲಿನ, ಅಂದ್ರೆ ಹಳೆಯ ಒಡಂಬಡಿಕೆಯ, ಪೂರ್ತಿ ಉಳಿದ ಹಳೆಯ ಪ್ರತಿ ಲೆನಿನ್‌ಗ್ರಾಡ್ ಕೋಡೆಕ್ಸ್, ಅದು ಕ್ರಿ.ಶ. 1008ರದ್ದು. ನಡುವೆ ಸಾವಿರ ವರ್ಷ. ಕಾಗುಣಿತದ ವ್ಯತ್ಯಾಸ, ಅಲ್ಲಲ್ಲಿ ಪದ ಹೆಚ್ಚುಕಮ್ಮಿ ಬಿಟ್ರೆ ಯೆಶಾಯ ಅದೇ ಯೆಶಾಯ. ಅಷ್ಟು ನಿಷ್ಠೆಯಿಂದ ಬರೆದವರಿಗೆ ಕೈ ಮುಗಿಯಬೇಕು. ಆದ್ರೆ ಭಾಷಣ ಮಾಡುವವರು ಯೆಶಾಯನನ್ನು ಮಾತ್ರ ತೋರಿಸ್ತಾರೆ. ಪಕ್ಕದಲ್ಲೇ ಇನ್ನೊಬ್ಬ ಪ್ರವಾದಿ ಯೆರೆಮೀಯನ ಪುಸ್ತಕ ಇದೆಯಲ್ಲ? ಹಳೆಯ ಗ್ರೀಕ್ ಅನುವಾದದಲ್ಲಿ ಆ ಪುಸ್ತಕ ಹೀಬ್ರೂಗಿಂತ ಸುಮಾರು 7ನೇ ಒಂದು ಪಾಲು ಚಿಕ್ಕದು. ಕುಮ್ರಾನ್‌ನಲ್ಲಿ ಆ ಚಿಕ್ಕ ಪಾಠವನ್ನು, ಅಂದ್ರೆ ಗ್ರಂಥದ ರೂಪವನ್ನು, ಹೋಲುವ ಹೀಬ್ರೂ ತುಣುಕೂ ಸಿಕ್ಕಿದೆ, ದೊಡ್ಡ ಪಾಠದ್ದೂ ಸಿಕ್ಕಿದೆ. ಅಂದ್ರೆ ಆ ಕಾಲಕ್ಕೇ ಎರಡು ಯೆರೆಮೀಯ ಚಲಾವಣೆಯಲ್ಲಿದ್ದವು.

ದಾವೀದನ ಎದುರಾಳಿ ಗೊಲ್ಯಾತನ ಎತ್ತರವನ್ನೇ ನೋಡ್ರಿ. ಸಮುವೇಲನ ಮೊದಲ ಪುಸ್ತಕದ ರೂಢಿಯ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು. ಮೊಳಕ್ಕೆ 18 ಇಂಚಿನಂತೆ 9 ಅಡಿ 9 ಇಂಚು. ಕುಮ್ರಾನ್ ತುಣುಕಿನಲ್ಲೂ ಗ್ರೀಕ್ ಅನುವಾದದಲ್ಲೂ ನಾಲ್ಕು ಮೊಳ ಒಂದು ಗೇಣು, ಅಂದ್ರೆ 6 ಅಡಿ 9 ಇಂಚು. ಒಂದರಲ್ಲಿ ರಾಕ್ಷಸ, ಇನ್ನೊಂದರಲ್ಲಿ ಎತ್ತರದ ಮನುಷ್ಯ. ಹಳೆಯ ಪಾಠ ಚಿಕ್ಕ ಅಳತೆಯದ್ದು ಅನ್ನೋದು ಬಹಳ ವಿದ್ವಾಂಸರ ಮತ, ಯಾಕಂದ್ರೆ ಕಥೆ ಹೇಳ್ತಾ ಹೇಳ್ತಾ ವೀರ ಬೆಳೀತಾನೆಯೇ ಹೊರತು ಕುಗ್ಗೋದಿಲ್ಲ.

ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯದ 9ರಿಂದ 20ನೇ ವಚನಗಳು 4ನೇ ಶತಮಾನದ ಎರಡು ಮುಖ್ಯ ಪ್ರತಿಗಳಾದ ಸಿನೈಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ ಇಲ್ಲ. ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಅನ್ನುವ ಯೋಹಾನನ ಪ್ರಸಂಗವೂ ಅವುಗಳಲ್ಲಿಲ್ಲ. ವಿದ್ವಾಂಸ ಎರಾಸ್ಮಸ್ 1516ರಲ್ಲಿ ಗ್ರೀಕ್ ಪಾಠ ಅಚ್ಚು ಹಾಕಿಸಿದಾಗ ಯೋಹಾನನ ಮೊದಲ ಪತ್ರದಲ್ಲಿ ತ್ರಿಯೇಕತ್ವ, ಅಂದ್ರೆ ತಂದೆ-ಮಗ-ಪವಿತ್ರಾತ್ಮ ಒಂದೇ ಅನ್ನೋದನ್ನು, ಹೇಳುವ ವಾಕ್ಯ ಇರಲಿಲ್ಲ, 1522ರ ಮೂರನೇ ಮುದ್ರಣದಲ್ಲಿ ಬಂತು. ಇದನ್ನೆಲ್ಲ ಹುಡುಕಿ ಹೇಳಿದವರಲ್ಲಿ ಬಹಳ ಜನ ಕ್ರೈಸ್ತ ವಿದ್ವಾಂಸರೇ. ಅವರ ಆ ಪ್ರಾಮಾಣಿಕತೆ ನಮ್ಮ ಹೋಟೆಲ್ ಟೇಬಲ್ ತನಕ ಬರೋದೇ ಇಲ್ಲ ಅನ್ನೋದು ನನ್ನ ಸಂಕಟ.

ಈಗ ಕಾಕಾನ ಮಾತು. ವೇದ ಕಾಯ್ದದ್ದು ಓಲೆ ಅಲ್ಲ, ಬಾಯಿ. ಜಟಾಪಾಠ ಅಂದ್ರೆ ಒಂದು-ಎರಡು, ಎರಡು-ಒಂದು, ಒಂದು-ಎರಡು. ಆಮೇಲೆ ಎರಡು-ಮೂರು, ಮೂರು-ಎರಡು, ಎರಡು-ಮೂರು. ಅಗ್ನಿಮ್-ಈಳೇ, ಈಳೇ-ಅಗ್ನಿಮ್, ಅಗ್ನಿಮ್-ಈಳೇ, ಹೀಗೆ ಹಿಂದೆ ಮುಂದೆ ಹೆಣೀತಾರೆ. ಒಂದು ಪದ ಜಾರಿದ್ರೆ ಮುಂದಿನ ಹೆಣಿಗೆಯಲ್ಲೇ ಸಿಕ್ಕಿಬೀಳುತ್ತೆ. ಘನಪಾಠ ಇದಕ್ಕಿಂತ ಬಿಗಿ. ದನಿ ಕಾಯುವ ಇಂಥ ಗಟ್ಟಿ ವ್ಯವಸ್ಥೆ ಹೊಸ ಒಡಂಬಡಿಕೆಗೆ ಇರಲಿಲ್ಲ. ಆದ್ರೆ ದನಿ ಉಳಿದಷ್ಟು ಅರ್ಥ ಉಳಿಯಿತೇ? ಋಗ್ವೇದದ 10ನೇ ಮಂಡಲದ "ಜರ್ಭರೀ ತುರ್ಫರೀತೂ" ಅನ್ನುವ ಪದಗಳ ಮೇಲೆ ವ್ಯಾಖ್ಯಾನಕಾರರು ಇನ್ನೂ ಗುದ್ದಾಡ್ತಿದ್ದಾರೆ. ಮಂತ್ರಗಳಿಗೆ ಅರ್ಥವೇ ಇಲ್ಲ ಅಂತ ಕೌತ್ಸ ವಾದಿಸಿದ್ದನ್ನು ಯಾಸ್ಕನೇ ವೇದದ ಪದಗಳಿಗೆ ಅರ್ಥ ಹೇಳುವ ನಿರುಕ್ತದಲ್ಲಿ ಎತ್ತಿಕೊಂಡು ಉತ್ತರ ಕೊಡ್ತಾನೆ. ಅಷ್ಟು ಹಿಂದೆಯೇ ಆ ಪ್ರಶ್ನೆ ಇತ್ತು.

ಈ ಬಿಗಿ ಬರೀ ಶ್ರುತಿಗೆ, ಅಂದ್ರೆ ವೇದಕ್ಕೆ, ಇತಿಹಾಸ-ಪುರಾಣಕ್ಕಲ್ಲ. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರ ತನಕ 1,259 ಹಸ್ತಪ್ರತಿ ನೋಡಿ ಮಹಾಭಾರತ ಪರಿಷ್ಕರಿಸಿತು. ಗಣಪತಿ ಕೂತು ಬರೆದುಕೊಂಡ ಪ್ರಸಂಗ ಮೂಲ ಪಾಠದಿಂದ ಹೊರಬಿದ್ದು ಅನುಬಂಧಕ್ಕೆ ಹೋಯ್ತು. ಯೋಹಾನನ ಕಲ್ಲಿನ ಪ್ರಸಂಗಕ್ಕೂ ಇದಕ್ಕೂ ವ್ಯತ್ಯಾಸ ಏನು? ಎರಡೂ ಜನ ಪ್ರೀತಿಸಿ ಸೇರಿಸಿಕೊಂಡವು.

ಚುಕ್ಕಿಯ ಮಾತು ಆಡಿದವರಿಗೂ ಹೇಳಬೇಕು. ಬರ್ಮಿಂಗ್‌ಹ್ಯಾಮ್‌ನ ಕುರಾನ್ ಹಾಳೆಗಳ ಚರ್ಮ ಕಾರ್ಬನ್ ಪರೀಕ್ಷೆಯಲ್ಲಿ ಕ್ರಿ.ಶ. 568ರಿಂದ 645ರ ನಡುವಿನದು ಅಂತ ಬಂತು. ಪ್ರವಾದಿಯ ಕಾಲಕ್ಕೆ ಅಷ್ಟು ಹತ್ತಿರ. ಪರೀಕ್ಷೆ ಚರ್ಮದ್ದು, ಮಸಿಯದ್ದಲ್ಲ, ಆದ್ರೂ ಇದು ದೊಡ್ಡ ಸಾಕ್ಷಿ. ಆದ್ರೆ ಮೊದಲ ಕಾಲದ ಪ್ರತಿಗಳಲ್ಲಿ ಅಕ್ಷರದ ಚುಕ್ಕಿಗಳೇ ಬಹಳ ಕಡಿಮೆ. ಓದುವ ಕ್ರಮಗಳೂ ಒಂದಕ್ಕಿಂತ ಹೆಚ್ಚು, ಹಫ್ಸ್, ವರ್ಶ್ ಹೀಗೆ. ಕುರಾನಿನ ಮೊದಲ ಅಧ್ಯಾಯ ಫಾತಿಹಾದಲ್ಲೇ ಒಬ್ಬರು "ಮಾಲಿಕ್" ಅಂತ ಓದಿದ್ರೆ ಇನ್ನೊಬ್ಬರು "ಮಲಿಕ್" ಅಂತಾರೆ. ಒಡೆಯ, ಅರಸ. ಮುಸ್ಲಿಂ ವಿದ್ವಾಂಸರು ಇದನ್ನು ಮುಚ್ಚಿಟ್ಟಿಲ್ಲ, ಅದನ್ನೇ ಒಂದು ಶಾಸ್ತ್ರ ಮಾಡಿ ಕಲಿಸ್ತಾರೆ.

ಇಷ್ಟೂ ನಕಲಿನ ಮಾತು. ನಡೆದದ್ದರ ಮಾತಿಗೆ ಸಾಕ್ಷಿ ಬೇರೆ ಕಡೆಯಿಂದ ಬರಬೇಕು. 1993ರಲ್ಲಿ ಇಸ್ರೇಲಿನ ತೆಲ್ ದಾನ್‌ನಲ್ಲಿ ಕ್ರಿಸ್ತಪೂರ್ವ 9ನೇ ಶತಮಾನದ ಶಾಸನ ಸಿಕ್ಕಿತು, ಅದರಲ್ಲಿ "ದಾವೀದನ ಮನೆತನ" ಅಂತಿದೆ. ಬರೆಸಿದವನು ಶತ್ರು ರಾಜ, ಹಾಗಾಗಿ ಸಾಕ್ಷಿ ಗಟ್ಟಿ. ದಾವೀದನ ಹೆಸರಿನ ವಂಶ ಇತ್ತು ಅಂತಾಯ್ತು. ಅವನು ಕವಣೆಯಿಂದ ಗೊಲ್ಯಾತನನ್ನು ಕೊಂದ ಅಂತ ಆಯ್ತೇ? ಇದನ್ನು ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲೇ ಇಟ್ಟು ನೋಡಬಹುದು. ಕನಗನಹಳ್ಳಿಯ ಸ್ತೂಪದ ಒಂದು ಕೆತ್ತನೆಯಲ್ಲಿ ರಾಜ-ರಾಣಿ ನಿಂತಿದ್ದಾರೆ, ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರಿದೆ. ಅದರಿಂದ ಅಶೋಕ 84,000 ಸ್ತೂಪ ಕಟ್ಟಿಸಿದ ಅನ್ನುವ ಐತಿಹ್ಯ ಸಾಬೀತಾಗೋದಿಲ್ಲ ಅಂತ ಎಲ್ಲರೂ ಒಪ್ತಾರೆ. ಅದೇ ತಕ್ಕಡಿ ದಾವೀದನಿಗೂ ಬೇಕು, ರಾಮ-ಕೃಷ್ಣರಿಗೂ ಬೇಕು.

ಒಳ್ಳೆಯ ಸಾಕ್ಷಿ ಹೇಗಿರುತ್ತೆ ಅಂದ್ರೆ, ಕ್ರಿಸ್ತಪೂರ್ವ 701ರಲ್ಲಿ ಅಸ್ಸೀರಿಯದ ರಾಜ ಸನ್ಹೇರೀಬ ಯೆಹೂದ ರಾಜ್ಯದ ಮೇಲೆ ದಂಡೆತ್ತಿ ಬಂದ. ಬೈಬಲ್ ಪ್ರಕಾರ ಅಲ್ಲಿನ ಅರಸ ಹಿಜ್ಕೀಯ ಕೊಟ್ಟ ಕಪ್ಪ 30 ತಲಾಂತು (ಆ ಕಾಲದ ತೂಕ) ಬಂಗಾರ, 300 ತಲಾಂತು ಬೆಳ್ಳಿ. ಸನ್ಹೇರೀಬ ತನ್ನ ಶಾಸನದಲ್ಲಿ ಬಂಗಾರ 30, ಬೆಳ್ಳಿ 800 ಅಂತಾನೆ. ಬಂಗಾರದ ಲೆಕ್ಕ ಕೂಡಿತು, ಬೆಳ್ಳಿಯದು ಕೂಡಲಿಲ್ಲ. ಯೆರೂಸಲೇಮ್ ಗೆದ್ದೆ ಅಂತ ಅವನೂ ಹೇಳೋದಿಲ್ಲ. ಇಬ್ಬರು ವೈರಿಗಳು ಇಷ್ಟು ಒಪ್ಪಿದ್ರೆ ಯುದ್ಧ ನಡೆದದ್ದು ನಿಜ. ಆದ್ರೆ ದೇವದೂತ ಒಂದೇ ರಾತ್ರಿ 1,85,000 ಸೈನಿಕರನ್ನು ಕೊಂದ ಅನ್ನೋದಕ್ಕೆ ಬೈಬಲ್ ಒಂದೇ ಸಾಕ್ಷಿ. ಮೋಶೆಯ ಜೊತೆ 6 ಲಕ್ಷ ಗಂಡಸರು ಈಜಿಪ್ಟಿನಿಂದ ಹೊರಟರು ಅನ್ನೋದಕ್ಕೆ ಮರುಭೂಮಿಯಲ್ಲಿ ಕುರುಹು ಸಿಕ್ಕಿಲ್ಲ. ಯೇಸು ಹೆರೋದನ ಕಾಲದಲ್ಲಿ ಹುಟ್ಟಿದ ಅಂತ ಮತ್ತಾಯ, ರೋಮನ್ ಅಧಿಕಾರಿ ಕುರೇನ್ಯನ ಖಾನೇಷುಮಾರಿಯ ಹೊತ್ತಿಗೆ ಅಂತ ಲೂಕ. ಹೆರೋದ ಸತ್ತದ್ದು ಸಾಮಾನ್ಯವಾಗಿ ಕ್ರಿಸ್ತಪೂರ್ವ 4 ಅಂತಾರೆ, ಆ ಖಾನೇಷುಮಾರಿ ಕ್ರಿ.ಶ. 6ರದ್ದು. ಮಾರ್ಕ, ಮತ್ತಾಯ, ಲೂಕ ಮೂರು ಸುವಾರ್ತೆ ಅಂದ್ರೆ ಮೂರು ಸಾಕ್ಷಿ ಅನ್ನೋದೂ ಸರಿಯಲ್ಲ. ಮಾರ್ಕನ 661 ವಚನಗಳಲ್ಲಿ ಸುಮಾರು 600 ಮತ್ತಾಯನಲ್ಲಿ ಬರ್ತವೆ, ಎಷ್ಟೋ ಕಡೆ ಪದಕ್ಕೆ ಪದ. ನೋಡಿ ಬರೆದವನು ಬೇರೆ ಸಾಕ್ಷಿ ಆಗೋದಿಲ್ಲ. ಯೇಸು ಇದ್ದ, ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಶಿಲುಬೆಗೇರಿದ ಅನ್ನೋದನ್ನು ಮಾತ್ರ ನಾನು ಗಟ್ಟಿ ಇತಿಹಾಸ ಅಂತಲೇ ಒಪ್ತೀನಿ. ಆತನ ಅನುಯಾಯಿ ಪೌಲನ ಪತ್ರಗಳಲ್ಲಿ ಹಳೆಯವು ಯೇಸು ಸತ್ತ 20-25 ವರ್ಷದೊಳಗಿನವು, ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಹೇಳ್ತಾನೆ.

ಭವಿಷ್ಯವಾಣಿ ನೆರವೇರಿತು ಅನ್ನುವವರು ನಮ್ಮ ಯಾದಗಿರಿ ಜಿಲ್ಲೆಯ ಕೊಡೇಕಲ್ ಬಸವಣ್ಣನ ಕಾಲಜ್ಞಾನಕ್ಕೆ ಏನು ಪರೀಕ್ಷೆ ಇಡ್ತಾರೋ ಅದನ್ನೇ ಬೈಬಲಿನ ಪ್ರವಾದಿ ದಾನಿಯೇಲನಿಗೂ ಇಡಲಿ: ಘಟನೆಗಿಂತ ಮೊದಲೇ ಬರೆದದ್ದು ಅಂತ ತೋರಿಸ್ರಿ, ಮಾತು ಹತ್ತು ಘಟನೆಗೆ ಹೊಂದುವಂತಿರಬಾರದು. ಅಷ್ಟೇ.

"ನಂಬಿಕೆಗೆ ಪುರಾವೆ ಯಾಕ್ರಿ?" ಅಂತ ಈಗ ಯಾರಾದ್ರೂ ಕೇಳ್ತೀರಿ. ಬೇಡವೇ ಬೇಡ. ಆದ್ರೆ 24 ಸಾವಿರ ಅಂತ ಲೆಕ್ಕ ತಂದವರು ನೀವೇ. ಗೆಲ್ಲುವ ತನಕ ಪುರಾವೆ, ಸೋಲುವಾಗ ನಂಬಿಕೆ ಅಂದ್ರೆ ನಾನು ಒಪ್ಪೋದಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತು. ನನಗೆ ವಚನಗಳ ಮೇಲೆ ಪ್ರಾಣ. ಕಲ್ಯಾಣದಲ್ಲಿ ಆಡಿದ ಮಾತೇ ಕಿವಿಗೆ ಬಿದ್ದಂತೆ ಆಗುತ್ತೆ. ಆದ್ರೆ ನಮ್ಮ ಕೈಗೆ ಬಂದ ವಚನದ ಕಟ್ಟುಗಳು ಹೆಚ್ಚಾಗಿ 15ನೇ ಶತಮಾನ ಮತ್ತು ಆಮೇಲಿನವು. ಶೂನ್ಯಸಂಪಾದನೆಯಲ್ಲಿ ಅಲ್ಲಮನಿಗೂ ಬಸವಣ್ಣನಿಗೂ ನಡೆದ ಮಾತುಕತೆಯನ್ನು ಹೆಣೆದವರು ಶರಣರ ಕಾಲಕ್ಕಿಂತ ಸುಮಾರು 300 ವರ್ಷ ಈಚಿನವರು, ಒಬ್ಬರಲ್ಲ, ನಾಲ್ವರು. ಇದನ್ನು ಬರೆಯುವಾಗ ಎದೆಯಲ್ಲಿ ಚುಚ್ಚುತ್ತೆ. ಆದ್ರೂ ಬರೀಬೇಕು, ಇಲ್ಲದಿದ್ರೆ ಆ ಹುಡುಗನಿಗೆ ಮಾರ್ಕನ ಕೊನೆಯ ಅಧ್ಯಾಯ ತೋರಿಸುವ ಹಕ್ಕು ನನಗಿಲ್ಲ.

ಹಾಗಾದ್ರೆ ಬೈಬಲ್ ಹೆಚ್ಚು ನಂಬುವಂಥದ್ದೇ? ಹೊಸ ಒಡಂಬಡಿಕೆಯ ಪಾಠಕ್ಕೆ ಲಿಖಿತ ಸಾಕ್ಷಿ ಪ್ರಾಚೀನ ಗ್ರಂಥಗಳಲ್ಲೇ ಬಹಳ ಸಮೃದ್ಧ, ಹೌದು. ಅರಸರ ಕಾಲದ ಎಷ್ಟೋ ಸಂಗತಿಗಳಿಗೆ ಹೊರಗಿನ ಆಧಾರ ಇದೆ, ಹೌದು. ಅದರಿಂದ ಪವಾಡವೂ ನಿಜ, ಉಳಿದವರ ಗ್ರಂಥ ಸುಳ್ಳು ಅಂದ್ರೆ, ಇಲ್ಲ. ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಬಿದ್ದು ಅಶೋಕನ ಶಾಸನದ ಕಲ್ಲು ಬೆಳಕಿಗೆ ಬಂತಲ್ಲ, ದೇವಿಯ ಪೀಠವಾಗಿದ್ದ ಆ ಕಲ್ಲಿನಲ್ಲಿ 12ನೇ ಶಾಸನದ ಭಾಗ ಇದೆ. ತನ್ನ ಪಂಥ ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬೇಡಿ ಅನ್ನೋದೇ ಅದರ ವಿಷಯ. ಪೀಠಕ್ಕೆ ರಂಧ್ರ ಕೊರೆದಾಗ ನಡುವಿನ ಅಕ್ಷರ ಹೋದವು. ಹೋದದ್ದನ್ನು ಗಿರ್ನಾರ್, ಕಾಲ್ಸಿ, ಶಹಬಾಜ್‌ಗಢಿಯ ಪ್ರತಿಗಳ ಜೊತೆ ಹೋಲಿಸಿ ತುಂಬಿಕೊಳ್ಳಬಹುದು. ಪ್ರತಿಗಳು ಇರೋದು ಈ ಕೆಲಸಕ್ಕೆ.

ಕಾಮೆಂಟ್‌ನಲ್ಲಿ ವಾದ ಮಾಡುವವರು ಯಾವ ಪುಸ್ತಕ, ಯಾವ ಅಧ್ಯಾಯ, ಯಾವ ವಾಕ್ಯ ಅಂತ ಹಿಡಿದು ಬರ್ರಿ, ರಾತ್ರಿ ಎಷ್ಟು ಹೊತ್ತಾದ್ರೂ ಕೂತು ಉತ್ತರ ಬರೀತೀನಿ. "ನಿಮ್ಮದು ಎಷ್ಟು ಪ್ರತಿ ಅವ" ಅಂತ ಕೇಳಿದವರಿಗೆ ಬರೆಯೋದಿಲ್ಲ.