ಟಿಪ್ಪು ಹೀರೋನಾ ವಿಲನ್ನಾ ಅಂತ ಕೇಳಿದ್ದಕ್ಕೆ ದೋಸೆ ಆರಿಹೋಯಿತು

ಹೋದ ವರ್ಷ ಇಲ್ಲಿ ಲಂಡನ್ನಿನಲ್ಲಿ ಮಗಳ ಶಾಲೆಯಿಂದ ಒಂದು ಹೋಂವರ್ಕ್ ಬಂತು. ರಾಜನ ವಿರುದ್ಧ ಯುದ್ಧ ಮಾಡಿ ಆಮೇಲೆ ತಾನೇ ಇಂಗ್ಲೆಂಡ್ ಆಳಿದ ಆಲಿವರ್ ಕ್ರಾಮ್‌ವೆಲ್ ಹೀರೋನಾ, ವಿಲನ್ನಾ? ಎರಡೂ ಕಡೆಯದನ್ನು ಬರೆದು, ಕೊನೆಗೆ ನಿನಗೇನನ್ನಿಸುತ್ತೆ ಹೇಳು ಅಂತ. ಅವಳಿಗೆ 12 ವರ್ಷ. ಆ ವಯಸ್ಸಿನಲ್ಲಿ ನಾನು ಬೆಂಗಳೂರಿನಲ್ಲಿ ‘ಟಿಪ್ಪುವಿನ ಆಡಳಿತ ಸುಧಾರಣೆಗಳನ್ನು ವಿವರಿಸಿ’ ಅಂತ ಉರು ಹೊಡೆಯುತ್ತಿದ್ದೆ. ರೇಷ್ಮೆ ಬರೆಯೋದು ಮರೆತರೆ ಒಂದು ಅಂಕ ಹೋಯ್ತು ಅಂತಲೇ ಲೆಕ್ಕ. ನಿನಗೇನನ್ನಿಸುತ್ತೆ ಅಂತ ಯಾವ ಮೇಷ್ಟ್ರೂ ಕೇಳಲಿಲ್ಲ.

ಅವಳು ಹಾಳೆಯ ನಡುವೆ ಗೆರೆ ಎಳೆದಳು. ಎಡಕ್ಕೆ, 1649ರಲ್ಲಿ ರಾಜನ ತಲೆ ತೆಗೆಸಿ ಪಾರ್ಲಿಮೆಂಟೇ ದೊಡ್ಡದು ಅಂದವರಲ್ಲಿ ಇವನೂ ಒಬ್ಬ. ಬಲಕ್ಕೆ, ಅದೇ ವರ್ಷ ಐರ್ಲೆಂಡಿನ ಡ್ರೊಗೆಡಾದಲ್ಲಿ ಇವನ ಸೈನ್ಯ ಮಾಡಿದ ಕಗ್ಗೊಲೆ. ಭಾನುವಾರ ಅವನ ಪ್ರತಿಮೆ ನೋಡೋಕೆ ವೆಸ್ಟ್‌ಮಿನ್‌ಸ್ಟರ್‌ಗೆ ಹೋದೆವು. 1661ರಲ್ಲಿ ಅವನ ಹೆಣವನ್ನು ಅಗೆದು ತೆಗೆದು ಗಲ್ಲಿಗೆ ಹಾಕಿ, ತಲೆಯನ್ನು ಕಂಬಕ್ಕೆ ಸಿಕ್ಕಿಸಿದ್ದು ಅಲ್ಲಿನ ಪಾರ್ಲಿಮೆಂಟ್ ಕಟ್ಟಡದ ಮೇಲೆ. 1899ರಲ್ಲಿ ಅದರ ಮುಂದೆಯೇ ಪ್ರತಿಮೆ! ಅದಕ್ಕೂ ಐರಿಷ್ ಸದಸ್ಯರು ಸರ್ಕಾರದ ಕಾಸು ಕೊಡೋಕೆ ಬಿಡಲಿಲ್ಲ, ರೋಸ್‌ಬರಿ ಅನ್ನೋ ಪ್ರಧಾನಿ ಕೈಯಿಂದಲೇ ಹಾಕಿದ. ರಸ್ತೆಯ ಆಚೆ ಬದಿ ಚರ್ಚಿನ ಗೋಡೆಯಲ್ಲಿ, ತಲೆ ಕಳೆದುಕೊಂಡ ಅದೇ ರಾಜನ ಪುಟ್ಟ ಮುಖ. ‘ಇಬ್ರೂ ಇದಾರಲ್ಲಪ್ಪಾ’ ಅಂದಳು ಮಗಳು, ಭಾರೀ ಖುಷಿಯಿಂದ. ನನಗೂ ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಡಿಸೆಂಬರಿನಲ್ಲಿ ಚಾಮರಾಜಪೇಟೆಯ ಅಣ್ಣನ ಮನೆ. ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದರು, ಭಾವನೂ ಬಂದಿದ್ದರು. ಇವಳು ಸುಮ್ನೆ ತಿನ್ನಬಾರದಾ? ‘ದೊಡ್ಡಪ್ಪ, ಟಿಪ್ಪು ಹೀರೋನಾ ವಿಲನ್ನಾ?’

ಭಾವ ಶೃಂಗೇರಿಯಿಂದ ಶುರು ಮಾಡಿದರು. 1791ರಲ್ಲಿ ಮಠ ದೋಚಿದ್ದು ಮರಾಠರ ಕಡೆಯವರು, ದುಡ್ಡು ಕಳಿಸಿದವನು ಟಿಪ್ಪು. ನಂಜನಗೂಡಿನ ಪಚ್ಚೆ ಲಿಂಗ ಯಾರು ಕೊಟ್ಟಿದ್ದು? ಮಕ್ಕಳಿಬ್ಬರನ್ನು ಇಂಗ್ಲಿಷರಿಗೆ ಒತ್ತೆ ಇಟ್ಟು, 1799ರಲ್ಲಿ ಕತ್ತಿ ಹಿಡಿದೇ ಸತ್ತವನು. ಅಣ್ಣ ಟಿಪ್ಪು ಕೊಡಗಿನಲ್ಲಿ ಮಾಡಿದ ಹಾವಳಿಗೆ ಹೋದ, ಅಲ್ಲಿಂದ ಮಲಬಾರಿನದಕ್ಕೆ, ಅಲ್ಲಿಂದ 1784ರಲ್ಲಿ ಊರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಿದ ಕರಾವಳಿ ಕ್ರೈಸ್ತರಿಗೆ. ಗಮನಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಳ್ಳು ಅನ್ನಲಿಲ್ಲ. ದನಿ ಮಾತ್ರ ಏರುತ್ತಾ ಹೋಯಿತು. ಮಗು ಕೇಳಿದ್ದು ಇಬ್ಬರಿಗೂ ಮರೆತೇಹೋಗಿತ್ತು. ‘ಎರಡೂ ಆಗಿರಬಹುದಲ್ವಾ’ ಅಂದೆ ನಾನು. ‘ಲಂಡನ್ನಲ್ಲಿ ಕೂತು ನಮಗೆ ಪಾಠ ಹೇಳ್ಬೇಡ. ನೀನು ಯಾವ ಕಡೆ, ಅದು ಹೇಳು ಮೊದಲು’ ಅಂದ ಅಣ್ಣ. ತಮಾಷೆಗಲ್ಲ, ನಿಜಕ್ಕೂ ಸಿಟ್ಟಿನಿಂದ. ತಟ್ಟೆಯಲ್ಲಿ ದೋಸೆ ಆರಿ ರಟ್ಟಾಗಿತ್ತು.

ನಮ್ಮೂರಿನ ರೋಗವೇ ಇದು ಅಂತ ಆ ರಾತ್ರಿ ಹೆಂಡತಿ ಹತ್ತಿರ ಕೂಗಾಡಿದೆ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿ ಶುರು ಮಾಡುತ್ತೆ, 2019ರಲ್ಲಿ ಇನ್ನೊಂದು ನಿಲ್ಲಿಸುತ್ತೆ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಸತ್ತು 200 ವರ್ಷ ದಾಟಿದ ಮನುಷ್ಯನಿಗೆ ಇನ್ನೂ ವೋಟರ್ ಲಿಸ್ಟಿನಲ್ಲಿ ಜಾಗ ಇದೆ. ಪುಣ್ಯಕ್ಕೆ ಮಗಳು ಲಂಡನ್ನಿನಲ್ಲಿ ಓದುತ್ತಿದ್ದಾಳೆ ಅಂತಲೂ ಅಂದೆ. ಹೆಂಡತಿ ಲೈಟ್ ಆರಿಸಿದಳು.

ಒಂದು ಮಾತು ಮಾತ್ರ ಒಪ್ಪಬೇಕು. ನನ್ನ ಆಫೀಸಿನ ಐರಿಷ್ ಗೆಳೆಯ ಆ ಪ್ರತಿಮೆಯ ಬದಿ ಕಣ್ಣೆತ್ತಿಯೂ ನೋಡುವುದಿಲ್ಲ. ಕ್ರಾಮ್‌ವೆಲ್ ಬಗ್ಗೆ ನಾನು ಇಷ್ಟು ಆರಾಮಾಗಿ ಮಾತಾಡುವುದು, ಅವನಿಂದ ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವಲ್ಲ, ಅದಕ್ಕೇ ಇರಬಹುದು. ಶ್ರೀರಂಗಪಟ್ಟಣದಿಂದ ಹೊತ್ತು ತಂದ ಟಿಪ್ಪುವಿನ ಮರದ ಹುಲಿ ಈ ಊರಿನ ಮ್ಯೂಸಿಯಂನಲ್ಲೇ ಗಾಜಿನೊಳಗೆ ನಿಂತಿದೆ. ಹೊತ್ತು ತಂದವರು ಹೀರೋಗಳಾ ವಿಲನ್‌ಗಳಾ ಅನ್ನೋ ಹೋಂವರ್ಕ್ ಮಗಳಿಗೆ ಇನ್ನೂ ಬಂದಿಲ್ಲ.

ಆವತ್ತು ಅಷ್ಟು ಗಲಾಟೆಯ ನಡುವೆ ಅತ್ತಿಗೆ ಒಂದು ಮಾತೂ ಆಡಿರಲಿಲ್ಲ. ಕಾವಲಿಯ ಹತ್ತಿರವೇ ನಿಂತಿದ್ದರು. ಅವರ ತವರು ಮಂಡಯಂ ಅಯ್ಯಂಗಾರರ ಮನೆ. ತಮ್ಮವರನ್ನು ಟಿಪ್ಪು ಕೊಲ್ಲಿಸಿದ ದಿನ ಅಂತ ನರಕ ಚತುರ್ದಶಿಗೆ ಅಲ್ಲಿ ಹಬ್ಬ ಮಾಡುವುದಿಲ್ಲ. ನನಗೆ ಇದು 20 ವರ್ಷದಿಂದ ಗೊತ್ತು. ‘ಎರಡೂ ಆಗಿರಬಹುದು’ ಅನ್ನುವಾಗ ನೆನಪಾಗಲಿಲ್ಲ, ಅಷ್ಟೇ.

ಮಾರನೇ ದಿನ ಮಗಳ ಹಟಕ್ಕೆ ಟಿಪ್ಪುವಿನ ಅರಮನೆಗೆ ಹೊರಟಾಗ ಅವರೇ ‘ನಾನೂ ಬರ್ತೀನಿ’ ಅಂದರು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಅರಮನೆಗಿಂತ ಹಳೆಯದು. ಅತ್ತಿಗೆ ಮೊದಲು ಅಲ್ಲಿ ಹೋಗಿ ತುಳಸಿ ಹಿಡಿದುಕೊಂಡು ಬಂದರು. ಅರಮನೆಯ ಗೇಟಿನ ಹತ್ತಿರ ನಿಂತುಬಿಟ್ಟರು.

‘ಬನ್ನಿ ದೊಡ್ಡಮ್ಮ, ಕಂಬ ಎಲ್ಲಾ ತೇಗದ್ದಂತೆ.’

‘ನೀನು ನೋಡ್ಕೊಂಡು ಬಾ ಕಂದಾ. ಎಷ್ಟು ಕಂಬ ಇದೆ ಅಂತ ಎಣಿಸ್ಕೊಂಡು ಬಂದು ನಂಗೆ ಹೇಳು.’