ಕಾಡು ಊರಿನದಾದರೆ ಲೆಕ್ಕದ ಪುಸ್ತಕ ಯಾರದ್ದು?

ಊರಿನವರೇ ನೋಡಿಕೊಳ್ಳುವ ಕಾಡಿನ ಮಾತು ಬಂದ ಕೂಡಲೇ ಎರಡು ಗುಂಪು ಏಳುತ್ತವೆ. ‘ಜನರ ಕೈಗೆ ಕೊಟ್ಟರೆ ಬೋಳಿಸಿಬಿಡ್ತಾರೆ’ ಅನ್ನುವವರು ಒಂದು ಕಡೆ. ‘ಒಂದು ಕಡ್ಡಿಯನ್ನೂ ಮುಟ್ಟಬಾರದು’ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಬಿದಿರು ಮೆಳೆಯ ಹತ್ತಿರ ಹೋಗಿ ನೋಡಿಲ್ಲ ಅಂತ ನನ್ನ ಗುಮಾನಿ.

ಕಳಲೆ ನೆಲದಿಂದ ಮೇಲೇಳುವಾಗ ಎಷ್ಟು ದಪ್ಪ ಇರುತ್ತದೋ ಬಿದಿರು ಕೊನೆಯವರೆಗೂ ಅಷ್ಟೇ ದಪ್ಪ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಗಟ್ಟಿಯಾಗಲು ಮಾತ್ರ ಮೂರ್ನಾಲ್ಕು ವರ್ಷ ಬೇಕು. ಹೊಸ ಕಳಲೆ ಹೊಡೆಯುವುದು ಹೆಚ್ಚಾಗಿ ಎಳೆಯ ಬಿದಿರಿನ ಬುಡದಿಂದ. ಅಂದರೆ ಮೆಳೆಯ ನಡುವಿನ ಹಳೆಯದನ್ನು ಕಡಿಯಬೇಕು, ಅಂಚಿನ ಎಳೆಯದನ್ನು ಬಿಡಬೇಕು. ಕತ್ತಿ ಹಿಡಿದವನಿಗೆ ಸುಲಭ ಯಾವುದು ಹೇಳಿ? ಕೈಗೆ ಸಿಗುವ ಅಂಚಿನದೇ ಅಲ್ವಾ! ಇಷ್ಟು ಬಿದಿರಿಗೆ ಇಷ್ಟು ಕೂಲಿ ಅಂತ ಗುತ್ತಿಗೆ ಕೊಟ್ಟರೆ ಅವನು ಅದನ್ನೇ ಕಡಿದು ಹೋಗುತ್ತಾನೆ. ಮುಂದಿನ ವರ್ಷ ಅವನೇನೂ ಅಲ್ಲಿಗೆ ಬರಬೇಕಾಗಿಲ್ಲ. ಹಾಗಂತ ಮುಟ್ಟದೆ ಬಿಟ್ಟರೆ ಮೆಳೆ ಒಳಗೊಳಗೇ ಹೆಣೆದುಕೊಂಡು ಒಣಗುತ್ತದೆ. ಬೇಸಿಗೆಯ ಬೆಂಕಿಗೆ ಅದೇ ಸೌದೆ.

ಮುಂದಿನ ವರ್ಷವೂ ಅದೇ ಮೆಳೆಗೆ ಬರಲೇಬೇಕಾದವರು ಊರಿನವರು. ಅವರ ಕೈಲಿ ಕಾಡು ಇರಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಆದರೆ ಬರೀ ಹಕ್ಕುಪತ್ರ ಸಾಲದು. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಊರಿಗೆ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಸಿಕ್ಕಿದ್ದು 2009ರಲ್ಲಿ. ಕಡಿದ ಬಿದಿರನ್ನು ಹೊರಗೆ ಸಾಗಿಸುವ ಪಾಸ್ ಕೊಡುವ ಅಧಿಕಾರ ಗ್ರಾಮಸಭೆಯ ಕೈಗೆ ಬಂದಿದ್ದು 2011ರಲ್ಲಿ. ಮನೆ ಕೊಟ್ಟು ಬೀಗದ ಕೈ ಇಟ್ಟುಕೊಂಡ ಹಾಗೆ.

ಬೀಗದ ಕೈ ಸಿಕ್ಕ ಮೇಲೆ ಶುರುವಾಗುವುದು ಒಳಗಿನ ಜಗಳ. ಇದರ ಬಗ್ಗೆ ಜಾಸ್ತಿ ಯಾರೂ ಮಾತಾಡುವುದಿಲ್ಲ. ಕಾಡು ನೋಡಿಕೊಳ್ಳುವ ಊರಿನ ಸಮಿತಿ ‘ಐದು ವರ್ಷ ಕಾಡಿಗೆ ಯಾರೂ ಕಾಲಿಡಬಾರದು’ ಅನ್ನುತ್ತದೆ ಅಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಸ್ವಂತ ಜಮೀನಲ್ಲಿ ಮರ ಇರುವವನಿಗೆ ಇದರಿಂದ ಏನೂ ಆಗುವುದಿಲ್ಲ. ತಲೆ ಮೇಲೆ ಸೌದೆ ಹೊರೆ ಹೊತ್ತು ಒಲೆ ಹಚ್ಚುವವಳು ಮಾತ್ರ ಮಾರನೇ ದಿನದಿಂದಲೇ ಕಳ್ಳಿ! ಕಾಡು ಉಳಿಸಿದ ಹೆಸರು ಅವನಿಗೆ, ದಂಡ ಇವಳಿಗೆ.

ನೇಪಾಳದಲ್ಲಿ ಹೀಗೆ ಕಾಡು ನೋಡಿಕೊಳ್ಳುವ ಊರಿನವರ 22,000ಕ್ಕೂ ಹೆಚ್ಚು ಗುಂಪುಗಳಿವೆ. ಆದಾಯದ ಶೇ. 25ರಷ್ಟನ್ನು ಕಾಡಿಗೇ ಖರ್ಚು ಮಾಡಬೇಕು ಅಂತ ಅಲ್ಲಿ ನಿಯಮ. ಬಡ ಮನೆಗಳಿಗೂ ಒಂದು ಪಾಲು ಅನ್ನುವುದು ಆಮೇಲೆ ಸೇರಿತು. ಸುಮ್ನೆ ಬಂದ ನಿಯಮವಲ್ಲ ಅದು. ಕಾಡು ಬೆಳೆದ ಕಡೆಯೂ ಬಡವರ ಪಾಲು ತಾನಾಗಿ ಬೆಳೆಯಲಿಲ್ಲ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಜೀವನವಿಡೀ ಇಂಥ ಕಾಡು, ಕಾಲುವೆ, ಮೀನುಗಾರಿಕೆಯ ಊರುಗಳನ್ನೇ ನೋಡಿದವರು. ಬಳಸುವವರೇ ನಿಯಮ ಮಾಡಬೇಕು, ಅವರೇ ಕಾವಲು ಕಾಯಬೇಕು, ಮೊದಲ ತಪ್ಪಿಗೆ ಚಿಕ್ಕ ದಂಡ ಸಾಕು ಅನ್ನುವುದು ಅವರು ಕಂಡುಕೊಂಡದ್ದರಲ್ಲಿ ಕೆಲವು. ನನಗೆ ಇದರಲ್ಲಿ ಇಷ್ಟವಾಗುವುದು ಆ ಚಿಕ್ಕ ದಂಡ. ನಾಳೆ ಅದೇ ಮನುಷ್ಯನ ಜೊತೆ ಬೆಂಕಿ ಆರಿಸಲು ಹೋಗಬೇಕಲ್ಲ!

ಅದಕ್ಕೇ ಯಾರಾದರೂ ‘ನಮ್ಮೂರ ಕಾಡು ಚೆನ್ನಾಗಿದೆ’ ಅಂದರೆ ನಾನು ಎಷ್ಟು ಗಿಡ ನೆಟ್ಟಿರಿ ಅಂತ ಕೇಳುವುದಿಲ್ಲ. ಕಾಡಿನ ಲೆಕ್ಕವನ್ನು ಎಲ್ಲರೆದುರು ಕೊನೆಯ ಸಲ ಓದಿದ್ದು ಯಾವಾಗ? ಸೌದೆ ಹೊರುವವರು ಆಗ ಅಲ್ಲಿದ್ದರಾ? ಇದ್ದರೆ, ಅವರು ಏನು ಕೇಳಿದರು?